92 ನೋಡಿ ನಾನು ಕೆಟ್ಟೆ

ಮೀಟ್‌ಗೆ ಹೋಗೋ ಮುಂಚೆ ರೀಮ್ಯಾಪ್ (ಪವರ್ ಏರಿಸೋಕೆ ಎಂಜಿನ್ ಸಾಫ್ಟ್‌ವೇರ್ ಬದಲಿಸೋದು) ಮಾಡಿಸಲಾ, ಇಲ್ಲಾ ಮೊದಲು ಸ್ಟಾಕ್‌ನಲ್ಲೇ (ಕಂಪನಿಯಿಂದ ಬಂದ ಹಾಗೇ) ಪವರ್ ಅಳೆಯೋ ಡೈನೊ ಹತ್ತಿಸಿ ಆಮೇಲೆ ಮಾಡಿಸಲಾ, ಎಲ್ಲರ ಮುಂದೆ ನಂಬರ್ ಕಮ್ಮಿ ಬಂದರೆ ಮರ್ಯಾದೆ ಗತಿ ಏನು. ಇಷ್ಟೇ ಅಲ್ವಾ ನೀವು ಕೇಳಿರೋದು? ಸೆಕೆಂಡ್ ಹ್ಯಾಂಡ್ ಟರ್ಬೊ ಹ್ಯಾಚ್‌ಬ್ಯಾಕ್ ಬೇರೆ, ಕಾರು ಹುಚ್ಚರೆಲ್ಲಾ ಸೇರೋ ಆ ಮೀಟ್ ಬೇರೆ ಹೊಸೂರಲ್ಲೇ. ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಚುರ್ ಅಂತು. ಮೂರು ವರ್ಷದ ಹಿಂದೆ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನು ಅಲ್ಲಿನ ಡೈನೊ ಶೆಡ್ಡಿಗೆ ಹೋಗಿದ್ದೆ.

ನಾನು ಹೊಸೂರಿನವನೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕೆಲಸದಲ್ಲಿ ತಮಿಳು. ಸಿಪ್‌ಕಾಟ್ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಯೂನಿಟ್‌ನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ದಿನವಿಡೀ ಮೈಕ್ರೋಮೀಟರ್, ಬೋರ್ ಗೇಜ್ ಹಿಡಿದು ಪಾರ್ಟ್ ಅಳೆಯೋದೇ ಕೆಲಸ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನನ್ನ ಕಾರು 1.0 ಲೀಟರ್ ಟರ್ಬೊ ಪೆಟ್ರೋಲ್, ಆರು ಗೇರಿನ ಮ್ಯಾನುಯಲ್. ಬ್ರೋಷರ್ ಲೆಕ್ಕದಲ್ಲಿ 110 ಪಿಎಸ್ (ಕುದುರೆ ಶಕ್ತಿ), 175 ಎನ್‌ಎಂ ಟಾರ್ಕ್ (ತಿರುಗಿಸೋ ಬಲ). ಕೊಂಡಾಗ 52,000 ಕಿ.ಮೀ. ಓಡಿತ್ತು. ಕಂಪನಿ ಹೆಸರು ಬೇಡ, ತಪ್ಪು ಕಾರಿನದ್ದಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೇ ಶೆಡ್ ಮುಂದೆ ಜಾತ್ರೆ. ಬೆಂಗಳೂರಿನ ಹುಡುಗರು ಕತ್ತಲಲ್ಲೇ ಅತ್ತಿಬೆಲೆ ದಾಟಿ ಬಂದಿದ್ದರು. ಹಳದಿ ಮಸ್ಟಾಂಗ್ ಒಂದು, ಆಕ್ಟೇವಿಯಾ ಆರ್‌ಎಸ್ ಎರಡು, ಬಣ್ಣ ಮಾಸಿದ ಹಳೇ ಹೋಂಡಾ ಸಿಟಿ ವಿಟೆಕ್ ಒಂದು. ಆ ಸಿಟಿಯ 106 ಪಿಎಸ್ ಅಂದರೆ 2000ದ ಸುಮಾರಿಗೆ ದೊಡ್ಡ ಮಾತು, ಈಗಿನ ಹುಡುಗರಿಗೆ ಹೇಳಿದರೆ ಹೌದಾ ಅಂತಾರೆ ಅಷ್ಟೇ. ಸ್ಟೀಲ್ ಡ್ರಮ್ಮಲ್ಲಿ ಟೀ, ಪೇಪರ್ ಮೇಲೆ ಬೋಂಡಾ, ಗಾಳಿಯೆಲ್ಲಾ ಪೆಟ್ರೋಲ್ ವಾಸನೆ.

ಡೈನೊ ನೀವು ನೋಡಿಲ್ಲ ಅನ್ಸುತ್ತೆ. ನೆಲದಲ್ಲಿ ಗುಂಡಿ ತೋಡಿ ರೋಲರ್ ಕೂರಿಸಿರ್ತಾರೆ. ಎಂಜಿನ್ ತಿರುಗಿಸೋ ಚಕ್ರಗಳನ್ನು ಅದರ ಮೇಲೆ ನಿಲ್ಲಿಸಿ, ಗಾಡಿಯನ್ನು ಹಿಂದೆ ಮುಂದೆ ಬೆಲ್ಟ್ ಹಾಕಿ ನೆಲಕ್ಕೆ ಬಿಗೀತಾರೆ. ಮುಂದೆ ಆಳೆತ್ತರದ ಫ್ಯಾನ್. ಸಾಮಾನ್ಯವಾಗಿ ನಾಲ್ಕನೇ ಗೇರು, ಯಾಕಂದ್ರೆ ಗೇರ್‌ಬಾಕ್ಸ್ ಒಳಗೆ ಒಂದಕ್ಕೆ ಒಂದರ ಹತ್ತಿರ ಇರೋದು ಅದೇ. 2,000 ಆರ್‌ಪಿಎಂನಿಂದ (ಎಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) ಕೆಂಪು ಗೆರೆವರೆಗೂ ಒಂದೇ ಸಲ ಒತ್ತಿ ಹಿಡೀತಾರೆ. ತೂಕ ಗೊತ್ತಿರೋ ರೋಲರ್ ಎಷ್ಟು ಬೇಗ ವೇಗ ತಗೊಳ್ತು ಅನ್ನೋದರ ಮೇಲೆ ಕಂಪ್ಯೂಟರ್ ಟಾರ್ಕ್ ಲೆಕ್ಕ ಹಾಕುತ್ತೆ, ಅದನ್ನು ಆರ್‌ಪಿಎಂ ಜೊತೆ ಗುಣಿಸಿ ಪವರ್ ತೆಗೆಯುತ್ತೆ. ಕೆಲವು ಡೈನೊಗಳಲ್ಲಿ ರೋಲರಿಗೆ ಬ್ರೇಕ್ ಕೂಡ ಇರುತ್ತೆ. ಒಟ್ಟಿನಲ್ಲಿ ಕುದುರೆ ಯಾರ ಕಣ್ಣಿಗೂ ಬೀಳೋದಿಲ್ಲ. ಒಂದು ಪಿಎಸ್ ಅಂದ್ರೆ 75 ಕೆಜಿ ರಾಗಿ ಮೂಟೆಯನ್ನು ಒಂದು ಸೆಕೆಂಡಲ್ಲಿ ಒಂದು ಮೀಟರ್ ಎತ್ತುವ ಶಕ್ತಿ, ಅಷ್ಟೇ.

ನನ್ನ ಸರದಿ ಹನ್ನೊಂದಕ್ಕೆ ಬಂತು. ಕಿವಿ ಮುಚ್ಚಿಕೊಂಡು ನಿಂತಿದ್ದೆ. ಕಾರು ಕೂಗಿತು, ಬೆಲ್ಟ್ ನಡುಗಿತು, ಹತ್ತು ಹದಿನೈದು ಸೆಕೆಂಡಲ್ಲಿ ಮುಗಿಯಿತು. ಗೋಡೆ ಮೇಲಿನ ಟಿವಿಯಲ್ಲಿ ದೊಡ್ಡದಾಗಿ 92 ಬಂತು.

ಹಿಂದಿನಿಂದ ನನ್ನ ಸ್ನೇಹಿತನೇ ಕೂಗಿದ, "ಮಗಾ, 18 ಕುದುರೆ ಲಾಯ ಬಿಟ್ಟು ಓಡೋಗಿವೆ ಕಣೋ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಉರೀತಾ ಇತ್ತು. ಕಾರು ಮಾರಿದವನು ಟೋಪಿ ಹಾಕಿದ, ಎಂಜಿನ್ ಸವೆದಿದೆ, ಟರ್ಬೊ ಹೋಗಿದೆ, ಏನೇನೋ ಯೋಚನೆ. ಆಗ ಅಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಟ್ಯೂನರ್ ಹೇಳಿದ, ಇವತ್ತೇ ರೀಮ್ಯಾಪ್ ಮಾಡಿಸಿದರೆ ಮೀಟ್ ಆಫರ್, 26,000 ರೂಪಾಯಿ, ಮತ್ತೆ ರೋಲರ್ ಹತ್ತಿಸೋದು ಫ್ರೀ. ಯುಪಿಐ ಎರಡು ಸಲ ಒತ್ತಿದೆ. ಮನೆಗೆ ಫೋನ್ ಮಾಡಿ ಒಂದು ಮಾತು ಕೇಳಲಿಲ್ಲ, ಆ ವಿಷಯ ಇನ್ನೊಂದು ದೊಡ್ಡ ಕಥೆ.

ಮಧ್ಯಾಹ್ನ ಮೂರಕ್ಕೆ ಮತ್ತೆ ಹತ್ತಿಸಿದರು. 141! ಚಪ್ಪಾಳೆ. 49 ಕುದುರೆ ಜಾಸ್ತಿ. ಹಾಳೆಯನ್ನು ಹಿಡಿದು ಫೋಟೊ ತೆಗೆಸಿಕೊಂಡೆ, ಸ್ಟೇಟಸ್ ಹಾಕಿದೆ, ಸಂಜೆ ಚಂದ್ರಚೂಡೇಶ್ವರ ಬೆಟ್ಟಕ್ಕೆ ಹೋಗಿ ಚಕ್ರಕ್ಕೆ ನಿಂಬೆಹಣ್ಣು ಕೂಡ ಇಟ್ಟೆ.

ಎರಡು ತಿಂಗಳು ಸ್ವರ್ಗ. ಆಮೇಲೆ ಅದೇ ಬೆಟ್ಟದ ಏರಿನಲ್ಲಿ, ಮೂರನೇ ಗೇರಲ್ಲಿ ಒತ್ತಿದರೆ ಆರ್‌ಪಿಎಂ ಮುಳ್ಳು 3,000ದಿಂದ 4,500ಕ್ಕೆ ಜಿಗಿಯಿತು, ಕಾರು ಮಾತ್ರ ಇದ್ದ ಹಾಗೇ ಇತ್ತು. ಸುಟ್ಟ ವಾಸನೆ. ಕ್ಲಚ್ ಜಾರ್ತಾ ಇತ್ತು. ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು, ಕೂಲಿ ಸೇರಿ 34,000. ಎಕ್ಸ್‌ಟೆಂಡೆಡ್ ವಾರಂಟಿ ಇತ್ತು, ಆದರೆ ಸಾಫ್ಟ್‌ವೇರ್ ಬದಲಾಗಿದೆ ಅಂತ ಸರ್ವಿಸ್ ಸೆಂಟರಿನವರು ಕೈ ಎತ್ತಿದರು. ಅವರನ್ನು ಬೈಯೋ ಹಾಗೂ ಇಲ್ಲ.

ನಿಜವಾದ ಪೆಟ್ಟು ಬಿದ್ದಿದ್ದು ಅದಾದ ಮೇಲೆ. ಒಂದು ರಾತ್ರಿ ಪಾಳಿಯಲ್ಲಿ ಸಪ್ಲೈಯರ್ ಒಬ್ಬರ ಬುಷ್ (ಕೊಳವೆಯಂಥ ಲೋಹದ ಪಾರ್ಟ್) ಲಾಟ್ ಬಂತು. ಜೊತೆಗೆ ರಿಪೋರ್ಟ್. ಅಳತೆ ಎಲ್ಲಾ ಸರಿ, ಆದರೆ ಯಾವ ಗೇಜಲ್ಲಿ ಅಳೆದರು, ಎಷ್ಟು ಡಿಗ್ರಿಯಲ್ಲಿ ಅಳೆದರು ಅಂತ ಬರೆದಿರಲಿಲ್ಲ. ನಮ್ಮ ಕೆಲಸದಲ್ಲಿ ಅಳತೆ ಅಂದರೆ 20 ಡಿಗ್ರಿಯಲ್ಲಿ. ಲೋಹ ಬಿಸಿಗೆ ಹಿಗ್ಗುತ್ತೆ, ತಂಪಿಗೆ ಕುಗ್ಗುತ್ತೆ. ಹೊಸ ಹುಡುಗನಿಗೆ ದೊಡ್ಡ ಮೇಷ್ಟ್ರ ಹಾಗೆ ಹೇಳಿದೆ, "ತಮ್ಮಾ, ಯಾವ ಗೇಜು ಅಂತ ಗೊತ್ತಿಲ್ಲದ ನಂಬರ್ ನಂಬರೇ ಅಲ್ಲ, ವಾಪಸ್ ಕಳಿಸು." ಹೇಳಿ ಮುಗಿಸೋ ಅಷ್ಟರಲ್ಲಿ ಬ್ಯಾಗಲ್ಲಿ ಮಡಚಿಟ್ಟಿದ್ದ ಆ ಎರಡು ಡೈನೊ ಹಾಳೆ ನೆನಪಾಯಿತು. ತೆಗೆದು ಇನ್‌ಸ್ಪೆಕ್ಷನ್ ಟೇಬಲ್ ಮೇಲೆ, ಟ್ಯೂಬ್‌ಲೈಟ್ ಕೆಳಗೆ ಪಕ್ಕಪಕ್ಕ ಇಟ್ಟೆ.

ಮೊದಲ ಹಾಳೆಯ ಕೆಳಗೆ ಇರುವೆ ಕಾಲಿನಷ್ಟು ಅಕ್ಷರದಲ್ಲಿ "ವೀಲ್" ಅಂತ ಇತ್ತು, ಕರೆಕ್ಷನ್ 1.00. ಎರಡನೇದರಲ್ಲಿ "ಫ್ಲೈವೀಲ್", ಕರೆಕ್ಷನ್ 1.10.

ಇದನ್ನು ಸ್ವಲ್ಪ ಎಳೆದೇ ಹೇಳ್ತೀನಿ, ಬೇಜಾರಾದರೂ ಓದಿ, ನನಗೆ 60,000 ರೂಪಾಯಿ ಖರ್ಚಾಗಿದ್ದು ಇಲ್ಲೇ. ಬ್ರೋಷರಿನ 110 ಪಿಎಸ್ ಎಂಜಿನ್ನಿನದ್ದು, ಅಂದರೆ ಎಂಜಿನ್ ತುದಿಗೆ ಬಿಗಿದ ಭಾರದ ಚಕ್ರ, ಫ್ಲೈವೀಲ್ ಹತ್ತಿರ ಇರೋ ಶಕ್ತಿ. ರೋಲರ್ ನೋಡೋದು ಚಕ್ರಕ್ಕೆ ಬಂದಿದ್ದನ್ನ. ನಡುವೆ ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು, ಆ್ಯಕ್ಸಲ್ಲು, ರೋಲರ್ ಮೇಲೆ ಅಮುಕಿ ಬಿಸಿಯಾಗೋ ಟೈರು, ಎಲ್ಲಾ ತಮ್ಮ ಪಾಲು ತಿನ್ನುತ್ತವೆ. ಮುಂದಿನ ಚಕ್ರ ಓಡಿಸೋ ಮ್ಯಾನುಯಲ್ ಗಾಡಿಗೆ ಸುಮಾರು ಶೇ. 15 ಅಂತ ಒಂದು ಅಂದಾಜು ಇದೆ. ಇನ್ನೊಂದು ವಿಷಯ, ಬ್ರೋಷರು ಪಿಎಸ್‌ನಲ್ಲಿ, ಡೈನೊ ಹಾಳೆ ಬಿಎಚ್‌ಪಿಯಲ್ಲಿ, ಅದು ಪಿಎಸ್‌ಗಿಂತ ಸ್ವಲ್ಪ ದೊಡ್ಡ ಕುದುರೆ. 110 ಪಿಎಸ್ ಅಂದರೆ 108.5 ಬಿಎಚ್‌ಪಿ. ಅದರಲ್ಲಿ ಶೇ. 15 ಕಳೆಯಿರಿ. ಎಷ್ಟು ಬಂತು? 92. ನನ್ನ ಎಂಜಿನ್ ಒಂದು ಕುದುರೆಯನ್ನೂ ಕಳಕೊಂಡಿರಲಿಲ್ಲ! 52,000 ಕಿ.ಮೀ. ಓಡಿದ ಎಂಜಿನ್ ಹೊಸದರ ಹಾಗೇ ಇತ್ತು, ಅವತ್ತು ನಾನು ಸ್ವೀಟ್ ಹಂಚಬೇಕಿತ್ತು.

ಇನ್ನು 141. ಅದು ಫ್ಲೈವೀಲ್ ಲೆಕ್ಕ, ಅಂದರೆ ಚಕ್ರದ ನಂಬರಿಗೆ ಸಾಫ್ಟ್‌ವೇರ್ ತಾನೇ ನಷ್ಟ ಸೇರಿಸಿ ಬರೆದಿದ್ದು. ಅದರ ಮೇಲೆ 1.10 ಕರೆಕ್ಷನ್. ಇದು ಹವೆಯ ಲೆಕ್ಕ. ಹೊಸೂರು ಸಮುದ್ರ ಮಟ್ಟದಿಂದ ಹತ್ತಿರ ಹತ್ತಿರ 900 ಮೀಟರ್ ಮೇಲಿದೆ. ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಪವರ್ ಕಳಕೊಳ್ಳುತ್ತೆ. ಚೆನ್ನೈಯಲ್ಲಿ ಅಳೆದ ಗಾಡಿಗೂ ಇಲ್ಲಿ ಅಳೆದ ಗಾಡಿಗೂ ಹೋಲಿಸಬೇಕಲ್ಲ, ಅದಕ್ಕೆ ಈ ಕರೆಕ್ಷನ್. ಅಮೆರಿಕದ ಎಸ್‌ಎಇ ಮಾನದಂಡದ ಲೆಕ್ಕ 25 ಡಿಗ್ರಿಗೆ, ಜರ್ಮನಿಯ ಡಿಐಎನ್ ಲೆಕ್ಕ 20 ಡಿಗ್ರಿಗೆ ತರುತ್ತೆ, ಎರಡರಲ್ಲೂ ಒಂದೇ ಎಂಜಿನ್ ಬೇರೆ ಬೇರೆ ನಂಬರ್ ಕೊಡುತ್ತೆ. ಆ ಹಳೇ ಸಿಟಿಗೆ ಇದು ನ್ಯಾಯ. ಆದರೆ ಟರ್ಬೊ ಗಾಡಿ ತೆಳು ಗಾಳಿಯನ್ನೂ ಒತ್ತಿ ಒತ್ತಿ ತುಂಬಿಕೊಂಡು ನಷ್ಟವನ್ನು ಬಹುಮಟ್ಟಿಗೆ ತಾನೇ ಸರಿ ಮಾಡಿಕೊಂಡಿರುತ್ತೆ. ಅದಕ್ಕೂ ಪೂರ್ತಿ ಕರೆಕ್ಷನ್ ಹಾಕಿದರೆ ಊಟ ಆದವನಿಗೆ ಮತ್ತೆ ಎಲೆ ಹಾಕಿದ ಹಾಗೆ. 141ನ್ನು 1.10ರಿಂದ ಭಾಗಿಸಿ ಶೇ. 15 ಕಳೆದರೆ ಚಕ್ರದಲ್ಲಿ 109. ಅಂದರೆ ನಾನು 49 ಅಂದುಕೊಂಡಿದ್ದು ನಿಜದಲ್ಲಿ 17.

ಟ್ಯೂನರ್ ಮೋಸ ಮಾಡಿದ ಅಂತ ನಾನು ಹೇಳಲ್ಲ. ಎರಡೂ ಹಾಳೆಯಲ್ಲಿ ಬರೆದೇ ಇತ್ತು. ಬುಷ್‌ಗೆ ಕೇಳೋ ಪ್ರಶ್ನೆ ಕಾರಿಗೆ ಕೇಳಲಿಲ್ಲ, ಅಷ್ಟೇ. ಇನ್ನೂ ನಾಚಿಕೆಯ ವಿಷಯ ಅಂದರೆ ಎರಡನೇ ಗ್ರಾಫಲ್ಲಿ 2,800 ಆರ್‌ಪಿಎಂ ಹತ್ತಿರ ಟಾರ್ಕ್ ಗೆರೆ ಕೋಳಿ ಬಾಲದ ಹಾಗೆ ಎದ್ದು ಬಿದ್ದಿತ್ತು. ಅವತ್ತೇ ಕ್ಲಚ್ ಜಾರಿತ್ತು! ಕ್ಲಚ್ಚಿಗೆ ಹಾರ್ಸ್‌ಪವರ್ ಗೊತ್ತಾಗಲ್ಲ, ಅದರ ಮೇಲೆ ಬೀಳೋದು ಟಾರ್ಕ್. 175 ಇದ್ದಿದ್ದು 230 ದಾಟಿತ್ತು. ಅರ್ಧ ಸವೆದ ಪ್ಲೇಟ್ ಎಷ್ಟು ಅಂತ ತಡೆಯುತ್ತೆ? ಅಲ್ಲಿದ್ದ ಐವತ್ತು ಜನ, ನಾನೂ ಸೇರಿ, ತುದಿಯ ನಂಬರ್ ನೋಡಿದೆವು, ಗೆರೆ ಯಾರೂ ನೋಡಲಿಲ್ಲ.

ಈಗ ನಿಮ್ಮ ಪ್ರಶ್ನೆ. ಮುಂಚೆಯಾ, ಆಮೇಲೆಯಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಮಾಡಿಸಲೇಬೇಡಿ, ಕನಿಷ್ಠ ಈ ವರ್ಷ. ಸ್ಟಾಕ್‌ನಲ್ಲೇ ಹೋಗಿ. ನಂಬರ್ ಕಮ್ಮಿ ಬಂದರೆ ಮರ್ಯಾದೆ ಹೋಗುತ್ತೆ ಅನ್ನೋ ಮಾತೇ ಸುಳ್ಳು, ಅವತ್ತು ಅತಿ ಹೆಚ್ಚು ಜನ ಸುತ್ತುವರಿದು ಮಾತಾಡಿಸಿದ್ದು ಆ ಸಿಟಿ ಮಾಲೀಕರನ್ನ, ಅವರ ಗಾಡಿ ಚಕ್ರದಲ್ಲಿ 80 ಕೂಡ ಮುಟ್ಟಿರಲಿಲ್ಲ. ರೀಮ್ಯಾಪ್ ಒಳ್ಳೇದಾ ಕೆಟ್ಟದ್ದಾ ಅನ್ನೋ ಚರ್ಚೆಗೆ ನಾನು ಬರಲ್ಲ, ಮಾಡಿಸಿ ಸುಖವಾಗಿರೋರೂ ಇದ್ದಾರೆ. ಆದರೆ ಗೊತ್ತಿರಲಿ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಅನ್ನುತ್ತೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಇನ್ಶೂರೆನ್ಸ್‌ನವರಿಗೆ ಹೇಳದೆ ಮಾಡಿಸಿದರೆ ಕ್ಲೇಮ್ ದಿನ ಗೊತ್ತಾಗುತ್ತೆ.

ನಿಮಗೆ ಜೋರಾಗಿ ಓಡಿಸೋ ಆಸೆ ಇದ್ದರೆ ಅದೇ ದುಡ್ಡಲ್ಲಿ ಒಳ್ಳೇ ಟೈರ್, ಹೊಸ ಬ್ರೇಕ್ ಫ್ಲೂಯಿಡ್ ಹಾಕಿಸಿ ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನ ರೇಸ್ ಟ್ರ್ಯಾಕ್‌ಗೆ ಒಂದು ದಿನ ಹೋಗಿ ಬನ್ನಿ. 3.7 ಕಿ.ಮೀ. ಸುತ್ತು, ಎರಡೇ ಸುತ್ತಲ್ಲಿ ಗೊತ್ತಾಗುತ್ತೆ ಕಮ್ಮಿ ಇರೋದು ಕುದುರೆಯಲ್ಲ, ನಮ್ಮ ಕೈ ಕಾಲು ಅಂತ. ನನಗಂತೂ ಗೊತ್ತಾಯಿತು.

ಡೈನೊ ಹತ್ತಿಸೋ ದಿನ ಟೈರ್ ಗಾಳಿ ತಂಪಿದ್ದಾಗಲೇ ಸರಿ ಮಾಡಿಕೊಳ್ಳಿ. ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿಸಿ, ಇಲ್ಲಾಂದ್ರೆ ಮುಂದಿನ ಚಕ್ರ ತಿರುಗ್ತಿದೆ ಹಿಂದಿನದು ನಿಂತಿದೆ ಅಂತ ಕಾರು ಗಾಬರಿಬಿದ್ದು ಪವರ್ ಕತ್ತರಿಸುತ್ತೆ. ಮೂರು ಸಲ ಓಡಿಸಿ ಅನ್ನಿ, ನಡುವೆ ಫ್ಯಾನ್ ಮುಂದೆ ತಣಿಯೋಕೆ ಬಿಡಿ. ಟರ್ಬೊ ಗಾಡಿ ಬಿಸಿಯಾದರೆ ಮೂರನೇ ಸಲ ತಾನಾಗೇ ಕಮ್ಮಿ ತೋರಿಸುತ್ತೆ, ಹೆದರಬೇಡಿ. ವೀಲ್ ನಂಬರೇ ಪ್ರಿಂಟ್ ಮಾಡಿ, ಗೇರ್ ಎಷ್ಟು, ಕರೆಕ್ಷನ್ ಎಷ್ಟು ಬರೆದುಕೊಡಿ ಅಂತ ಕೇಳಿ. ಗಾಳಿ ಮತ್ತು ಪೆಟ್ರೋಲಿನ ಅನುಪಾತದ ಗೆರೆಯನ್ನೂ ಹಾಕಿಕೊಡೋಕೆ ಹೇಳಿ, ಎಂಜಿನ್ ಆರೋಗ್ಯ ಅದರಲ್ಲಿ ಕಾಣುತ್ತೆ. ಇದಕ್ಕೆಲ್ಲಾ ಆಪರೇಟರ್ ಮುಖ ಸಿಂಡರಿಸಿದರೆ ಸುಮ್ನೆ ಬೋಂಡಾ ತಿಂದು ಬೇರೆಯವರ ಗಾಡಿ ನೋಡಿಕೊಂಡು ವಾಪಸ್ ಬನ್ನಿ.

ಫೋನಿಂದ ಯುಪಿಐ ತೆಗೆದುಬಿಟ್ಟು ಹೋದರೆ ಇನ್ನೂ ಒಳ್ಳೇದು. ತಮಾಷೆ ಅಲ್ಲ.

ಹಾಂ, ಬೆಲ್ಟ್ ಬಿಗಿಯುವಾಗ ಹುಕ್ಕಿಗೂ ಬಂಪರಿಗೂ ನಡುವೆ ಒಂದು ಹಳೇ ಟವೆಲ್ ಮಡಚಿಡಿ. ನನ್ನ ಬಂಪರಿನ ಗೀರು ಇನ್ನೂ ಹಾಗೇ ಇದೆ.