ಬೆಳಗ್ಗೆ ಮಿಸ್ಸಿಂಗ್, ವಾರಕ್ಕೆ ಅರ್ಧ ಲೀಟರ್ ಕೂಲಂಟ್: ಎರಡು ರೋಗವೋ, ಒಂದೋ?

ಪ್ರಶ್ನೆ: ನನ್ನದು ಹದಿನೆಂಟು ವರ್ಷ ಹಳೆಯ ಪೆಟ್ರೋಲ್ ಪಿಕಪ್, ನಾಲ್ಕು ಸಿಲಿಂಡರಿನದು. ಮೂರು ತಿಂಗಳಿಂದ ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ಮಿಸ್ಸಿಂಗ್ ಹೊಡೆಯುತ್ತದೆ (ಒಂದು ಸಿಲಿಂಡರ್ ಸರಿಯಾಗಿ ಉರಿಯುವುದಿಲ್ಲ), ಗಾಡಿಯೆಲ್ಲ ಗಡಗಡ ಅಲುಗುತ್ತದೆ. ಆಮೇಲೆ ಏನೂ ಆಗಿಯೇ ಇಲ್ಲ ಎಂಬಂತೆ ದಿನವಿಡೀ ಓಡುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0303 ಎಂಬ ದೋಷದ ಕೋಡ್ ಬರುತ್ತದೆ. ನಾಲ್ಕೂ ಪ್ಲಗ್, ಮೂರನೆಯ ಸಿಲಿಂಡರಿನ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಬದಲಾಯಿಸಿದ್ದಾಯಿತು. ಈಗ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬದಲಿಸಬೇಕು ಅನ್ನುತ್ತಿದ್ದಾರೆ. ಇದು ಬೇರೆ ವಿಷಯ: ಇಂಜಿನ್ ತಣಿಸುವ ಕೂಲಂಟ್ ಕೂಡ ವಾರಕ್ಕೆ ಅರ್ಧ ಲೀಟರಿನಷ್ಟು ಇಳಿಯುತ್ತಿದೆ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ನಲ್ಲಿ ನೀರು ತುಂಬಿಸಿಕೊಂಡು ಓಡಿಸುತ್ತಿದ್ದೇನೆ. ಹಿಂದೊಮ್ಮೆ ಫ್ಯಾನ್ ಬೆಲ್ಟ್ ಹರಿದು ಇಂಜಿನ್ ಕಾದಿತ್ತು, ಅದನ್ನು ಆಗಲೇ ಸರಿ ಮಾಡಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಕಡೆ ಪೆನ್ಸಿಲ್ ಗೆರೆ ಎಳೆದಿದ್ದೇನೆ. ಒಂದು, ‘ಇದು ಬೇರೆ ವಿಷಯ’. ಇನ್ನೊಂದು, ಕೊನೆಯ ಸಾಲು. ಅದು ಬೇರೆ ವಿಷಯವಲ್ಲ ಅಂತಲೇ ನನ್ನ ಅನುಮಾನ. ಇಂಜೆಕ್ಟರಿಗೆ ಇನ್ನೂ ದುಡ್ಡು ಕೊಟ್ಟಿಲ್ಲವಾದರೆ ಸ್ವಲ್ಪ ತಡೆಯಿರಿ.

ಫ್ಯಾನ್ ಬೆಲ್ಟ್ ಹರಿದರೆ ನಿಲ್ಲುವುದು ಫ್ಯಾನ್ ಒಂದೇ ಅಲ್ಲ. ಹಳೆಯ ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತದೆ. ಇಂಜಿನ್ ಒಳಗೆ ನೀರು ಓಡಾಡದೆ ನಿಂತಲ್ಲೇ ಕುದಿಯುತ್ತದೆ, ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಅಲ್ಯೂಮಿನಿಯಂ ಹೆಡ್ ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ. ಬೆಲ್ಟ್ ಹೊಸದು ಬಂತು, ಹೆಡ್ಡಿನ ಸೊಟ್ಟ ಹಾಗೇ ಉಳಿಯಿತು. ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಆ ಜಾಗದಲ್ಲಿ ತಿಂಗಳುಗಟ್ಟಲೆ ಒದ್ದಾಡಿ ಕೊನೆಗೆ ಸೋಲುತ್ತದೆ.

ಸೋತದ್ದು ಕೂಲಂಟ್ ದಾರಿಗೂ ಸಿಲಿಂಡರಿಗೂ ನಡುವಿನ ಜಾಗವಾದರೆ, ನೀವು ಬರೆದದ್ದೆಲ್ಲ ಅಕ್ಷರಶಃ ಹೊಂದುತ್ತದೆ. ಸಂಜೆ ಗಾಡಿ ನಿಲ್ಲಿಸಿದ ಮೇಲೂ ರೇಡಿಯೇಟರ್ ಒಳಗೆ ಒತ್ತಡ ಸ್ವಲ್ಪ ಹೊತ್ತು ಉಳಿದಿರುತ್ತದೆ. ಆ ಒತ್ತಡಕ್ಕೆ ಕೂಲಂಟ್ ಮೆಲ್ಲಗೆ ಸಿಲಿಂಡರಿಗೆ ಒಸರುತ್ತದೆ. ಬೆಳಗ್ಗೆ ಪ್ಲಗ್ ಒದ್ದೆ. ಐಡ್ಲಿಂಗ್ 800 ಆರ್‌ಪಿಎಂ ಇದ್ದರೆ ಒಂದೊಂದು ಸಿಲಿಂಡರೂ ನಿಮಿಷಕ್ಕೆ 400 ಸಲ ಉರಿಯಬೇಕು. ನಿಮ್ಮ ಮೂರನೆಯದು ಅದರಲ್ಲಿ ಎಷ್ಟೋ ಸಲ ಬರೀ ಉಗಿ ಬಿಟ್ಟು ಸುಮ್ಮನಿರುತ್ತದೆ, ಉಳಿದ ಮೂರು ಅದನ್ನು ಎಳೆದುಕೊಂಡು ಓಡುತ್ತವೆ. ನಿಮಿಷದಲ್ಲಿ ನೀರು ಆವಿಯಾಗಿ ಸೈಲೆನ್ಸರ್ ಮೂಲಕ ಹೋಗುತ್ತದೆ, ಲೋಹ ಬಿಸಿಯಾಗಿ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಆಮೇಲೆ ದಿನವಿಡೀ ಗಾಡಿ ಸಭ್ಯ. ನೆಲದ ಮೇಲೆ ಹನಿ ಕಾಣದ್ದೂ ಅದಕ್ಕೇ.

ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣ, ಇದೇ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ. ಕೆಲಸಕ್ಕೆ ಕೂತ ಹೊಸತರಲ್ಲಿ ಹೀಗೇ ಒಂದು ಪಿಕಪ್ ಬಂತು. ಪ್ಲಗ್ ಹಾಕಿದೆ, ಕಾಯಿಲ್ ಹಾಕಿದೆ, ಇಂಜೆಕ್ಟರೂ ಹಾಕಿದೆ. ಗಾಡಿ ನನ್ನ ಹತ್ತಿರ ಬರುವ ಹೊತ್ತಿಗೆ ಯಾವಾಗಲೂ ಇಂಜಿನ್ ಬಿಸಿ, ಮಿಸ್ಸಿಂಗ್ ಮಾಯ. ಕೊನೆಗೆ ಒಂದು ರಾತ್ರಿ ಗಾಡಿಯನ್ನು ಅಲ್ಲೇ ಉಳಿಸಿಕೊಂಡೆ. ಬೆಳಗ್ಗೆ ಸ್ಟಾರ್ಟ್ ಮಾಡದೆಯೇ ನಾಲ್ಕೂ ಪ್ಲಗ್ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಮೂರರ ಮೂತಿ ತಿಳಿ ಕಂದು, ಒಣಗಿದ್ದವು. ಒಂದು ಮಾತ್ರ ಆಗ ತಾನೆ ತಿಕ್ಕಿ ತೊಳೆದ ಪಾತ್ರೆಯ ಹಾಗೆ ಬೆಳ್ಳಗೆ, ಪಿಂಗಾಣಿಯ ಬುಡದಲ್ಲಿ ಹಸಿರು ಹನಿ. ಉಗಿ ದಿನಾ ಅದನ್ನು ತೊಳೆಯುತ್ತಿತ್ತು. ಬಿಚ್ಚಿದ ಹಳೆಯ ಪ್ಲಗ್ಗುಗಳನ್ನು ನೋಡದೆ ಡಬ್ಬಕ್ಕೆ ಎಸೆದಿದ್ದೆನಲ್ಲ, ಉತ್ತರ ಅಲ್ಲೇ ಬಿದ್ದಿತ್ತು.

ನೀವೂ ಅದನ್ನೇ ಮಾಡಿ. ರಾತ್ರಿಯಿಡೀ ನಿಂತ ಗಾಡಿ, ತಣ್ಣನೆಯ ಇಂಜಿನ್. ಮೊದಲು ರೇಡಿಯೇಟರ್ ಮುಚ್ಚಳ ತೆಗೆದು, ಕೂಲಂಟ್ ಕಂಠಮಟ್ಟ ಇದೆಯೇ ನೋಡಿ. (ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಒತ್ತಡದಲ್ಲಿದ್ದಾಗ ನೂರು ಡಿಗ್ರಿ ದಾಟಿದರೂ ಕುದಿಯದೆ ಇದ್ದ ನೀರು, ಮುಚ್ಚಳ ತೆರೆದ ಕ್ಷಣ ಚಿಮ್ಮಿ ಮುಖಕ್ಕೆ ಬರುತ್ತದೆ.) ಆಮೇಲೆ ಪ್ರೆಶರ್ ಟೆಸ್ಟರ್ ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಡಿಸಿ. ಸಾಮಾನ್ಯವಾಗಿ ಅದು 1 ಬಾರ್ ಆಸುಪಾಸು, ಹೆಚ್ಚು ಕೊಟ್ಟರೆ ಹಳೆಯ ರೇಡಿಯೇಟರ್ ಬಿರಿದೀತು. ಅರ್ಧ ಗಂಟೆ ಬಿಡಿ. ಮುಳ್ಳು ಇಳಿಯುತ್ತಿದೆ, ಹೊರಗೆಲ್ಲೂ ಹನಿ ಇಲ್ಲ ಅಂದರೆ ಕೂಲಂಟ್ ಒಳಗೆಲ್ಲೋ ಹೋಗುತ್ತಿದೆ. ಟೆಸ್ಟರ್ ತೆಗೆದು, ಪ್ಲಗ್ ಬಿಚ್ಚಿ, ಇಗ್ನಿಷನ್ ಮತ್ತು ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು ಸೆಲ್ಫ್ ಹೊಡೆಸಿ. ಮೂರನೆಯ ತೂತಿನಿಂದ ತುಂತುರು ಹಾರಿದರೆ ಮುಂದೆ ವಾದವಿಲ್ಲ. ಸೆಲ್ಫ್ ಹೊಡೆಸುವಾಗ ಇಂಜಿನ್ ಮೇಲೆ ಬಗ್ಗಿ ನಿಲ್ಲಬೇಡಿ.

ಮೂರನೆಯದು ಯಾವುದು ಎಂಬುದರಲ್ಲೂ ಜನ ಎಡವುತ್ತಾರೆ. ಒಂದೇ ಸಾಲಿನ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಬೆಲ್ಟ್ ಇರುವ ಕಡೆಯಿಂದ ಎಣಿಸಬೇಕು. ಪಿ0303ರ ಕೊನೆಯ ಅಂಕಿ ಸಿಲಿಂಡರಿನ ನಂಬರು. ಆ ಕೋಡ್ ‘ಇಲ್ಲಿ ಸರಿಯಾಗಿ ಉರಿಯುತ್ತಿಲ್ಲ’ ಎನ್ನುತ್ತದೆ, ಅಷ್ಟೆ. ಕಿಡಿ ಇಲ್ಲವೋ, ಪೆಟ್ರೋಲ್ ಇಲ್ಲವೋ, ಕಂಪ್ರೆಷನ್ ಇಲ್ಲವೋ, ನೀರು ಬಂದಿದೆಯೋ ಅದು ಹೇಳುವುದಿಲ್ಲ. ಇಂಜೆಕ್ಟರ್ ಮೇಲೇ ಅನುಮಾನವಿದ್ದರೆ ಹೊಸದು ಯಾಕೆ? ಮೂರನೆಯದನ್ನು ಒಂದಕ್ಕೆ, ಒಂದನೆಯದನ್ನು ಮೂರಕ್ಕೆ ಹಾಕಿ ನೋಡಲಿ. ಮರುದಿನ ಪಿ0301 ಬಂದರೆ ತಪ್ಪು ಇಂಜೆಕ್ಟರಿನದೇ. ಕಾಯಿಲ್ಲಿಗೂ ಹೀಗೇ ಮಾಡಬಹುದಿತ್ತು.

ಇನ್ನೊಂದು ಪರೀಕ್ಷೆ ಇದೆ, ನೀಲಿ ದ್ರವದ್ದು. ರೇಡಿಯೇಟರ್ ಬಾಯಿಯ ಮೇಲೆ ಒಂದು ಗಾಜಿನ ನಳಿಗೆ ಇಟ್ಟು, ಇಂಜಿನ್ ಓಡುವಾಗ ಮೇಲೆ ಬರುವ ಗಾಳಿಯನ್ನು ಅದರೊಳಗಿನ ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಉರಿದ ಹೊಗೆ ಕೂಲಂಟಿಗೆ ಸೇರುತ್ತಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ತಿರುಗಿದರೆ ನಂಬಿ. ತಿರುಗದಿದ್ದರೆ ಪೂರ್ತಿ ನಂಬಬೇಡಿ, ಏಕೆಂದರೆ ನಿಮ್ಮದು ಬಿಸಿಯಾದಾಗ ಮುಚ್ಚಿಕೊಳ್ಳುವ ಸಂದು. ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟಿನ ಕಥೆಯೂ ಅದೇ: ಸಣ್ಣ ಒಸರಿಗೆ ಮುಳ್ಳು ಸರಿಯಾಗಿಯೇ ತೋರಿಸಬಹುದು. ‘ಕಂಪ್ರೆಷನ್ ಚೆನ್ನಾಗಿದೆ, ಗ್ಯಾಸ್ಕೆಟ್ ಹೋಗಿಲ್ಲ’ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಬಿಳುಚಿಲ್ಲ ಎಂಬುದೂ ಪುರಾವೆಯಲ್ಲ. ಕೂಲಂಟ್ ಸಿಲಿಂಡರಿಗೆ ಮಾತ್ರ ಹೋಗುತ್ತಿದ್ದರೆ ಆಯಿಲ್ ಬಣ್ಣ ಬದಲಾಗದೆ ಇರಬಹುದು.

ನನ್ನ ಊಹೆ ತಪ್ಪಿರಲೂಬಹುದು. ಹೆಡ್ ಇಳಿಸುವ ಮೊದಲು ಟಾರ್ಚ್ ಹಿಡಿದು ವಾಟರ್ ಪಂಪಿನ ಕೆಳಗಿರುವ ಸಣ್ಣ ತೂತು ನೋಡಿ. ಒಳಗಿನ ಸೀಲ್ ಹೋದರೆ ನೀರು ಬರುವುದು ಅಲ್ಲಿಂದಲೇ. ಒಣಗಿದ ಕೂಲಂಟಿನ ಬಿಳಿ ಅಥವಾ ಬಣ್ಣದ ಹುಡಿ ಕಂಡರೆ ಅದೇ ಗುರುತು. ಬಿಸಿ ಇಂಜಿನ್ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ. ಹೋಸ್ ಕ್ಲಿಪ್‌ಗಳು ತಣ್ಣಗಿದ್ದಾಗ ಮಾತ್ರ ಜಿನುಗುವುದುಂಟು.

ಹೆಡ್ ಇಳಿಸಲೇಬೇಕಾದರೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ನೇರ ಪಟ್ಟಿ ಇಟ್ಟು ಫೀಲರ್ ಗೇಜಿನಲ್ಲಿ ಸೊಟ್ಟ ಅಳೆಯಲಿ, ನೀವು ಎದುರಿಗೆ ನಿಂತು ನೋಡಿ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲಿ ದೊಡ್ಡದೇ. ಬೋಲ್ಟುಗಳು ಬಿಗಿಯುವಾಗ ಹಿಗ್ಗುವ ಜಾತಿಯವಾದರೆ ಹೊಸವೇ ಬೇಕು. ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣ ಬೇಡ. ಅದು ಸಂದಿಗಿಂತ ಮೊದಲು ಹೀಟರಿನ ಸಣ್ಣ ನಳಿಗೆಗಳನ್ನು ಮುಚ್ಚುತ್ತದೆ. ನಲ್ಲಿ ನೀರು ತುಂಬಿಸುವುದನ್ನೂ ನಿಲ್ಲಿಸಿ: ರಿಪೇರಿ ಮುಗಿದ ಮೇಲೆ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್.

ಅಲ್ಲಿಯವರೆಗೆ ಒಂದು ಎಚ್ಚರಿಕೆ. ಯಾವತ್ತಾದರೂ ಬೆಳಗ್ಗೆ ಸೆಲ್ಫ್ ಹೊಡೆದಾಗ ‘ಟಕ್’ ಎಂದು ಇಂಜಿನ್ ಗಟ್ಟಿಯಾಗಿ ನಿಂತರೆ ಎರಡನೇ ಸಲ ಹೊಡೆಯಬೇಡಿ. ಸಿಲಿಂಡರಿನಲ್ಲಿ ನೀರು ತುಂಬಿರಬಹುದು. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಬಾಗುವುದು ಕನೆಕ್ಟಿಂಗ್ ರಾಡ್.

ಪ್ರಶ್ನೆ: ನನ್ನ ಹಳೆಯ ಪಿಕಪ್ಪಿನಲ್ಲೂ ಕೂಲಂಟ್ ಇಳಿಯುತ್ತಿದೆ, ಆದರೆ ಮಿಸ್ಸಿಂಗ್ ಇಲ್ಲ. ಹೀಟರ್ ಹಾಕಿದರೆ ಮುಂದಿನ ಗಾಜಿನ ಒಳಗೆ ಜಿಡ್ಡು ಮಂಜು ಕೂರುತ್ತದೆ, ಕ್ಯಾಬಿನ್ನಿನಲ್ಲಿ ಏನೋ ಸಿಹಿ ವಾಸನೆ. ಇದೂ ಹೆಡ್ ಗ್ಯಾಸ್ಕೆಟ್ಟೇ?

ಉತ್ತರ: ಅಲ್ಲ, ಹೀಟರ್ ಕೋರ್, ಅಂದರೆ ಬಿಸಿ ಕೂಲಂಟ್ ಹರಿದು ಕ್ಯಾಬಿನ್ ಬೆಚ್ಚಗಾಗಿಸುವ ಪುಟ್ಟ ರೇಡಿಯೇಟರ್. ಡ್ರೈವರ್ ಪಕ್ಕದ ಸೀಟಿನ ಮುಂದಿರುವ ಮ್ಯಾಟ್ ಎತ್ತಿ ಕೆಳಗೆ ಕೈಯಾಡಿಸಿ, ಅಂಟಂಟು ತೇವ ಸಿಕ್ಕೀತು. ಬರೀ ನೀರಾಗಿದ್ದರೆ ಏಸಿಯ ನೀರು ಹೋಗುವ ಪೈಪು ಕಟ್ಟಿದೆ ಎಂದು ತಿಳಿಯಿರಿ. ಆ ವಾಸನೆ ಕೂಲಂಟಿನದು, ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸೋರಿದ್ದನ್ನು ಒರೆಸಿ, ಹಿಡಿದಿಟ್ಟದ್ದನ್ನು ಮುಚ್ಚಿಡಿ. ನಾಯಿ, ಬೆಕ್ಕು ಅದನ್ನು ನೆಕ್ಕುವುದುಂಟು.

ಪ್ರಶ್ನೆ: ಮಳೆ ಬಂದಾಗ ಅಥವಾ ಗಾಡಿ ತೊಳೆಸಿದಾಗ ಮಾತ್ರ ಮಿಸ್ಸಿಂಗ್. ಒಣಗಿದರೆ ಸರಿ. ಡಿಸ್ಟ್ರಿಬ್ಯೂಟರ್ (ಕರೆಂಟನ್ನು ಒಂದೊಂದೇ ಪ್ಲಗ್ಗಿಗೆ ಹಂಚುವ ಭಾಗ) ಇರುವ ಹಳೆಯ ಇಂಜಿನ್.

ಉತ್ತರ: ಪ್ಲಗ್ ವೈರ್ ಅಥವಾ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿರುಕು ಬಿಟ್ಟಿದೆ. ಕತ್ತಲಾದ ಮೇಲೆ ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗ ವೈರುಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರಿನ ಮಂಜು ಹಾಯಿಸಿ, ಕೈ ಮಾತ್ರ ತಾಗಿಸಬೇಡಿ. ಕಿಡಿ ಎಲ್ಲಿಂದ ಹೊರಗೆ ಜಿಗಿಯುತ್ತಿದೆಯೋ ಅಲ್ಲಿ ಚಟಚಟ ಸದ್ದಿನ ಜೊತೆ ನೀಲಿ ಗೆರೆ ಮಿನುಗುತ್ತದೆ. ಒಂದು ವೈರ್ ಹೋಗಿದ್ದರೂ ಎಲ್ಲವನ್ನೂ ಬದಲಿಸಿ, ಉಳಿದವೂ ಅದರ ಓರಗೆಯವೇ.