ಬಂಧನದ ಲೆಕ್ಕ ಮತ್ತು ದಂಧೆಯ ಲೆಕ್ಕ

ಪ್ರಶ್ನೆ: ವೇಶ್ಯಾವಾಟಿಕೆ ಪ್ರಕರಣಗಳಲ್ಲಿ ಬಂಧಿತರಾದವರ ಸಂಖ್ಯೆಯನ್ನು ಜನಸಂಖ್ಯೆಯಿಂದ ಭಾಗಿಸಿ, ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಈ ದಂಧೆ ಎಲ್ಲಿ ಹೆಚ್ಚು ಎಂದು ತೋರಿಸುವ ಪ್ರಬಂಧವೊಂದನ್ನು ಬರೆಯುತ್ತಿದ್ದೇನೆ. ಈ ಕ್ರಮ ಸರಿಯೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಭಾಗಾಕಾರ ಸರಿ, ಅದರಿಂದ ನೀವು ತೆಗೆಯಲಿರುವ ತೀರ್ಮಾನ ಸರಿಯಲ್ಲ. ಕಳವಾದರೆ ಕಳೆದುಕೊಂಡವರು ಠಾಣೆಗೆ ಬಂದು ದೂರು ಕೊಡುತ್ತಾರೆ. ಇಲ್ಲಿ ಹಾಗೆ ದೂರು ಕೊಡುವವರು ಅಪರೂಪ. ಬಹುಪಾಲು ಪ್ರಕರಣಗಳು ಪೊಲೀಸರು ತಾವಾಗಿಯೇ ದಾಳಿ ನಡೆಸಿದಾಗ ಹುಟ್ಟುತ್ತವೆ. ಆದ್ದರಿಂದ ಬಂಧಿತರ ಸಂಖ್ಯೆ ಮುಖ್ಯವಾಗಿ ಹೇಳುವುದು ಆ ವರ್ಷ ಎಷ್ಟು ದಾಳಿ ನಡೆಯಿತು ಎಂಬುದನ್ನೇ ಹೊರತು ದಂಧೆ ಎಷ್ಟಿದೆ ಎಂಬುದನ್ನಲ್ಲ.

ದಾಳಿಯೂ ಸುಲಭದ ಕೆಲಸವಲ್ಲ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 15ನೇ ಕಲಮಿನ ಪ್ರಕಾರ ವಾರಂಟ್ ಇಲ್ಲದೆ ಶೋಧಿಸುವ ಅಧಿಕಾರ ವಿಶೇಷ ಪೊಲೀಸ್ ಅಧಿಕಾರಿಗೆ ಇದ್ದು, ಆತ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವನಾಗಿರಬಾರದು. ಜೊತೆಯಲ್ಲಿ ಇಬ್ಬರು ಮಹಿಳಾ ಪೊಲೀಸರಿರಬೇಕು, ಪಂಚರಲ್ಲಿ, ಅಂದರೆ ಶೋಧಕ್ಕೆ ಸಾಕ್ಷಿಯಾಗಿರುವ ಸ್ಥಳೀಯರಲ್ಲಿ, ಕನಿಷ್ಠ ಒಬ್ಬರು ಮಹಿಳೆಯಾಗಿರಬೇಕು. ಇಷ್ಟನ್ನೆಲ್ಲ ಹೊಂದಿಸಿಕೊಂಡು ಹೊರಡುವ ಅಧಿಕಾರಿಯೊಬ್ಬರು ವರ್ಗವಾಗಿ ಬಂದರೆ ಆ ವರ್ಷ ಜಿಲ್ಲೆಯ ಅಂಕಿ ಏರುತ್ತದೆ, ಅವರು ಹೋದರೆ ಇಳಿಯುತ್ತದೆ. ಊರು ಮಾತ್ರ ಇದ್ದ ಹಾಗೆಯೇ ಇರುತ್ತದೆ.

ಚಿಕ್ಕ ಸಂಖ್ಯೆಗಳ ತೊಂದರೆಯನ್ನೂ ನೋಡಿ. ಒಂದು ಲಾಡ್ಜಿನಲ್ಲಿ ಆರು ಮಂದಿ ಸಿಕ್ಕಿಬಿದ್ದರೆಂದು ಕೇವಲ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13.89 ಲಕ್ಷ, ಅಂದರೆ ಲಕ್ಷಕ್ಕೆ 0.43, 19.28 ಲಕ್ಷ ಜನರಿರುವ ರಾಯಚೂರಿನಲ್ಲಿ ಅದೇ ಆರು ಮಂದಿ 0.31 ಆಗುತ್ತಾರೆ. ಕೊಪ್ಪಳದಲ್ಲಿ ಅಂಥದೇ ಇನ್ನೊಂದು ದಾಳಿಯಾದರೆ ದರ ನೇರವಾಗಿ 0.86ಕ್ಕೆ ಜಿಗಿಯುತ್ತದೆ. ಒಂದೇ ಒಂದು ದಾಳಿಯಿಂದ ಜಿಲ್ಲೆಯ ಚಾರಿತ್ರ್ಯವೇ ಇಮ್ಮಡಿ ಕೆಟ್ಟಿತೆಂದು ಬರೆಯುವುದು ಹಾಸ್ಯಾಸ್ಪದವಾದೀತು. ಕನಿಷ್ಠ ಐದು ವರ್ಷಗಳ ಒಟ್ಟು ಅಂಕಿಯನ್ನಾದರೂ ತೆಗೆದುಕೊಳ್ಳಿ.

ಆದರೆ ಐದು ವರ್ಷ ಹಿಂದಕ್ಕೆ ಹೋಗುವಾಗ ಬಳ್ಳಾರಿಯ ವಿಷಯದಲ್ಲಿ ಎಚ್ಚರ ಬೇಕು. 2011ರಲ್ಲಿ 24.52 ಲಕ್ಷ ಜನರಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಹೊಸಪೇಟೆ, ಕೂಡ್ಲಿಗಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ ಸೇರಿದ್ದವು. 2021ರಲ್ಲಿ ಅವು ವಿಜಯನಗರ ಜಿಲ್ಲೆಗೆ ಹೋದವು. ಹರಪನಹಳ್ಳಿಯಂತೂ 2018ರವರೆಗೆ ದಾವಣಗೆರೆಯಲ್ಲಿದ್ದು, ಆಮೇಲೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರಕ್ಕೆ ಹೋಯಿತು. ಈಗಿನ ಬಳ್ಳಾರಿಯ ಬಂಧಿತರನ್ನು ಹಳೆಯ ಬಳ್ಳಾರಿಯ ಜನಸಂಖ್ಯೆಯಿಂದ ಭಾಗಿಸಿದರೆ ಜಿಲ್ಲೆ ಕಾರಣವಿಲ್ಲದೆ ಶುದ್ಧವಾಗಿ ಕಾಣುತ್ತದೆ. ತಾಲ್ಲೂಕುವಾರು ಜನಸಂಖ್ಯೆಯನ್ನು ಕೂಡಿಸಿಕೊಳ್ಳುವುದೊಂದೇ ದಾರಿ.

ಇನ್ನು ‘ಬಂಧಿತರು’ ಯಾರು ಎಂಬುದನ್ನು ಗಮನಿಸಿ. ವೇಶ್ಯಾವೃತ್ತಿ ತಾನೇ ಈ ಕಾಯ್ದೆಯಡಿ ಅಪರಾಧವಲ್ಲ. ವೇಶ್ಯಾಗೃಹ ನಡೆಸುವುದು (ಕಲಮು 3), ಅದರ ಗಳಿಕೆಯಿಂದ ಬದುಕುವುದು (4), ಈ ಕೆಲಸಕ್ಕೆ ಜನರನ್ನು ತರುವುದು (5), ಸಾರ್ವಜನಿಕ ಸ್ಥಳದ ಆಸುಪಾಸಿನಲ್ಲಿ ನಡೆಸುವುದು (7), ಗಿರಾಕಿಗಳನ್ನು ಕರೆಯುವುದು (8) ಅಪರಾಧ. ದಲ್ಲಾಳಿಯನ್ನೂ ಬೀದಿಯಲ್ಲಿ ನಿಂತ ಹೆಂಗಸನ್ನೂ ಒಂದೇ ಮೊತ್ತದಲ್ಲಿ ಸೇರಿಸಿದ ಅಂಕಿ ನಿಮ್ಮ ಪ್ರಬಂಧಕ್ಕೆ ಉಪಯೋಗಕ್ಕೆ ಬಾರದು. ಸ್ವಇಚ್ಛೆಯಿಂದ ಈ ವೃತ್ತಿಯಲ್ಲಿರುವ ವಯಸ್ಕ ಮಹಿಳೆಯರನ್ನು ದಾಳಿಯ ವೇಳೆ ಬಂಧಿಸಬಾರದೆಂಬ ಸಮಿತಿಯೊಂದರ ಶಿಫಾರಸು ಸುಪ್ರೀಂ ಕೋರ್ಟಿನ 2022ರ ಮೇ ತಿಂಗಳ ಆದೇಶದಲ್ಲಿ ಉಲ್ಲೇಖವಾಗಿದೆ. ಅನಂತರದ ವರ್ಷಗಳಲ್ಲಿ ಇಳಿಕೆ ಕಂಡರೆ ಅದಕ್ಕೂ ಈ ಆದೇಶಕ್ಕೂ ಸಂಬಂಧವಿದೆಯೇ ಎಂದು ಪರೀಕ್ಷಿಸದೆ ಬರೆಯಬೇಡಿ. ನಮ್ಮ ಭಾಗದ ದೇವದಾಸಿ ಪದ್ಧತಿಯನ್ನು ಇದರೊಳಗೆ ತರುವುದೂ ಬೇಡ, ಅದಕ್ಕೆ ಪ್ರತ್ಯೇಕ ರಾಜ್ಯ ಕಾಯ್ದೆ ಇದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿಯಲ್ಲಿ ಪ್ರಕರಣಗಳ ಸಂಖ್ಯೆಯೂ ಬಂಧಿತರ ಸಂಖ್ಯೆಯೂ ಬೇರೆ ಬೇರೆ ಇರುತ್ತವೆ. ಒಂದನ್ನು ಇನ್ನೊಂದರ ಜಾಗದಲ್ಲಿ ಹಾಕಬೇಡಿ. ಅಲ್ಲಿ ಸಿಗದ ವಿವರಕ್ಕೆ ಆಯಾ ಜಿಲ್ಲೆಯ ಎಸ್‌ಪಿ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ, ವರ್ಷವಾರು ದಾಳಿಗಳೆಷ್ಟು, ಯಾವ ಕಲಮಿನಡಿ ಎಷ್ಟು ಗಂಡಸರು ಮತ್ತು ಎಷ್ಟು ಹೆಂಗಸರು ಬಂಧಿತರಾದರು, ರಕ್ಷಿಸಲ್ಪಟ್ಟವರೆಷ್ಟು ಎಂದು ಕೇಳಿರಿ. ಪ್ರಬಂಧದ ತಲೆಬರಹವನ್ನೂ ‘ಮೂರು ಜಿಲ್ಲೆಗಳ ಪೊಲೀಸ್ ಕಾರ್ಯಾಚರಣೆ’ ಎಂದು ಬದಲಿಸಿಕೊಂಡರೆ ನಿಮ್ಮ ಅಂಕಿಗಳು ಅದಕ್ಕೆ ಆಧಾರವಾಗಬಲ್ಲವು.