ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಬರಬೇಕು. ಗೊತ್ತಿರುವವರೆಲ್ಲ ಆರ್ಚ್ ಹಾಕು ಅಂತಾರೆ, ಮಿಂಟ್ ಅಂದ್ರೆ ನಗ್ತಾರೆ. ಯಾವುದು ಹಾಕಲಿ?

"ಮಿಂಟ್ ಅಂದ್ರೆ ನಗ್ತಾರೆ" ಅಂತ ಬರೆದಿದ್ದೀರಲ್ಲ, ಆ ಮಾತು ಓದಿಯೇ ಉತ್ತರ ಬರೆಯಲು ಕೂತೆ. 2019ರಲ್ಲಿ ನನ್ನನ್ನು ನೋಡಿಯೂ ಹೀಗೇ ನಕ್ಕಿದ್ದರು. ಆ ನಗುವಿನಿಂದ ತಪ್ಪಿಸಿಕೊಳ್ಳಲು ಹೋಗಿ ನಾನು ಮಾಡಿದ ಕೆಲಸಕ್ಕೆ ಏಟು ತಿಂದವಳು ನನ್ನ ತಂಗಿ.

ಆಗ ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು ಇತ್ತು. ಮಿಂಟ್, ಆರ್ಚ್ ಹಾಗೆ ಅದೂ ಒಂದು ಡಿಸ್ಟ್ರೋ, ಅಂದರೆ ವಿಂಡೋಸ್ ಬದಲು ಹಾಕುವ ಲಿನಕ್ಸ್‌ನ ಒಂದು ರೂಪ. ಎರಡು ವರ್ಷದಿಂದ ತಕರಾರಿಲ್ಲದೆ ಓಡುತ್ತಿತ್ತು. ಲಿನಕ್ಸ್ ಇಷ್ಟಪಡುವವರ ಒಂದು ಚಾಟ್ ಗುಂಪಿಗೆ ಸೇರಿಕೊಂಡೆ. ಹೆಡ್‌ಫೋನ್ ಹಾಕಿದರೆ ಒಂದೇ ಕಿವಿಯಲ್ಲಿ ಸದ್ದು ಬರುತ್ತಿತ್ತು, ಅದಕ್ಕೆ ಪರಿಹಾರ ಕೇಳಿದೆ. ಬಂದ ಮೊದಲ ಉತ್ತರ: "ಇನ್ನೂ ಉಬುಂಟುನಾ?" ಎರಡನೆಯದು ನಗುವ ಎಮೋಜಿ. ಮೂರನೆಯದು ಯಾರದೋ ಆರ್ಚ್ ಸ್ಕ್ರೀನ್‌ಶಾಟ್. ಹೆಡ್‌ಫೋನ್ ವಿಷಯ ಯಾರೂ ಎತ್ತಲಿಲ್ಲ. ಆಮೇಲೆ ನಾನೇ ಕಂಡುಕೊಂಡೆ, ಸೌಂಡ್ ಸೆಟ್ಟಿಂಗಿನಲ್ಲಿ ಬ್ಯಾಲೆನ್ಸ್ ಒಂದು ಕಡೆಗೆ ಸರಿದಿತ್ತು, ಅಷ್ಟೇ. ಡಿಸ್ಟ್ರೋಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೆ "ಇನ್ನೂ ಉಬುಂಟುನಾ" ಅನ್ನುವ ಮಾತು ಮನಸ್ಸಿನಲ್ಲಿ ಉಳಿಯಿತು. ಎರಡು ತಿಂಗಳು ಫೆಡೊರಾ ಅನ್ನುವ ಇನ್ನೊಂದು ಡಿಸ್ಟ್ರೋ ಹಾಕಿ ನೋಡಿದೆ. ಅದಕ್ಕೂ ಗುಂಪಿನಲ್ಲಿ ಬೆಲೆ ಸಿಗಲಿಲ್ಲ. ಕೊನೆಗೆ ಆರ್ಚ್‌ಗೆ ಹೋದೆ.

ಆರ್ಚ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. 2002ರಿಂದ ಇರುವ ಡಿಸ್ಟ್ರೋ ಅದು. ಅದರ ವಿಕಿಯಷ್ಟು ಚೆನ್ನಾಗಿ ಲಿನಕ್ಸ್ ಬಗ್ಗೆ ಬರೆದಿಟ್ಟಿದ್ದು ಇನ್ನೆಲ್ಲೂ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೀವು ಮಿಂಟ್ ಹಾಕಿದರೂ ಆ ವಿಕಿ ಓದಿ. ಪಾರ್ಟಿಷನ್ ಅಂದರೆ ಏನು, ಬೂಟ್‌ಲೋಡರ್ ಏನು ಮಾಡುತ್ತದೆ ಅನ್ನುವುದು ನನಗೆ ತಿಳಿದದ್ದೇ ಆರ್ಚ್ ಅನ್ನು ಕೈಯಾರೆ ಇನ್‌ಸ್ಟಾಲ್ ಮಾಡುವಾಗ.

ನಾನು ಹೋದ ಕಾರಣ ಮಾತ್ರ ಸರಿ ಇರಲಿಲ್ಲ. ಇನ್‌ಸ್ಟಾಲ್ ಮಾಡುವ ಮುಂಚೆ ಲ್ಯಾಪ್‌ಟಾಪಿನಲ್ಲಿದ್ದದ್ದನ್ನೆಲ್ಲ ಒಂದು ಟಿಬಿಯ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿದೆ. ಫೋಟೋಗಳು, ನನ್ನ ನೋಟ್ಸ್, ಬರೆದ ಕೋಡ್. ತಂಗಿ ಕೊನೇ ವರ್ಷದಲ್ಲಿದ್ದಳು, ಅವಳ ಪ್ರಾಜೆಕ್ಟ್ ರಿಪೋರ್ಟ್ ಕೂಡ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. "ಅಣ್ಣಾ, ನಿನ್ ಹತ್ರ ಇದ್ರೆ ಸೇಫ್" ಅಂತ ಅವಳೇ ಇಟ್ಟಿದ್ದಳು. ಕಾಪಿ ಮುಗಿದ ಮೇಲೆ ಲ್ಯಾಪ್‌ಟಾಪ್ ಪೂರ್ತಿ ಅಳಿಸಿ ಆರ್ಚ್ ಹಾಕಿದೆ. "ಸೆಟಪ್ ಎಲ್ಲ ಮುಗಿಯಲಿ, ಆಮೇಲೆ ಫೈಲ್ ವಾಪಸ್ ಹಾಕೋಣ" ಅಂದುಕೊಂಡೆ. ಸೆಟಪ್ ಮುಗಿಯಲೇ ಇಲ್ಲ. ಮೂರು ವಾರ ವಿಂಡೋ ಮ್ಯಾನೇಜರ್, ಮೇಲಿನ ಪಟ್ಟಿಯ ಬಣ್ಣ, ಫಾಂಟ್ ಅಂತ ತಿದ್ದುತ್ತಾ ಕೂತೆ. ಸ್ಕ್ರೀನ್‌ಶಾಟ್ ಹಾಕಿ ಹೊಗಳಿಸಿಕೊಂಡೆ. ತಂಗಿಗೆ ಬೇಕಾದಾಗ ಆ ಡಿಸ್ಕನ್ನೇ ಚುಚ್ಚಿ, ನೇರ ಅದರ ಮೇಲೇ ಫೈಲ್ ತೆರೆದು ಕೊಡುತ್ತಿದ್ದೆ. ಅವಳು ಬರೆದದ್ದೂ ಅಲ್ಲೇ ಸೇವ್ ಆಗುತ್ತಿತ್ತು.

ಇಲ್ಲಿ ಸ್ವಲ್ಪ ನಿಂತು ನೋಡಿ. ನಾನು ಅದನ್ನು ಬ್ಯಾಕಪ್ ಅಂತ ಕರೆಯುತ್ತಿದ್ದೆ. ಅದು ಬ್ಯಾಕಪ್ ಆಗಿದ್ದು ಲ್ಯಾಪ್‌ಟಾಪ್ ಅಳಿಸುವ ತನಕ ಮಾತ್ರ. ಅಳಿಸಿದ ಕ್ಷಣದಿಂದ ಅದೇ ಮೂಲ ಪ್ರತಿ, ಅದೊಂದೇ ಪ್ರತಿ.

ಒಂದು ರಾತ್ರಿ ಅಪ್‌ಡೇಟ್ ಮಾಡುವಾಗ ಮಧ್ಯದಲ್ಲಿ ನಾನೇ ನಿಲ್ಲಿಸಿದ್ದರಿಂದ ಸಿಸ್ಟಮ್ ಹದಗೆಟ್ಟಿತು. ಇನ್ನೂ ಓಡುತ್ತಿತ್ತು, ಆದರೆ ಮುಂದಿನ ಸಲ ಬೂಟ್ ಆಗುವುದು ಅನುಮಾನ ಅನ್ನಿಸಿತು. ಹೊಸ ಐಎಸ್‌ಒ (ಇನ್‌ಸ್ಟಾಲ್ ಮಾಡಲು ಬೇಕಾದದ್ದೆಲ್ಲ ಇರುವ ಫೈಲ್) ಇಳಿಸಿ ಪೆನ್‌ಡ್ರೈವ್‌ಗೆ ಬರೆದಿಟ್ಟುಕೊಳ್ಳೋಣ ಅಂತ ಹೊರಟೆ. ಅದಕ್ಕೆ ಡಿಡಿ ಅನ್ನುವ ಕಮಾಂಡ್ ಇದೆ. ಅದಕ್ಕೆ ಎರಡು ವಿಷಯ ಹೇಳಬೇಕು: ಐಎಫ್ ಅಂದರೆ ಎಲ್ಲಿಂದ ಓದಬೇಕು, ಓಎಫ್ ಅಂದರೆ ಎಲ್ಲಿಗೆ ಬರೆಯಬೇಕು. ಅಷ್ಟು ಹೇಳಿದರೆ ಸಾಕು, ಮರುಮಾತಿಲ್ಲದೆ ಬರೆಯುತ್ತದೆ. ಅಲ್ಲಿ ಮೊದಲು ಏನಿತ್ತು ಅಂತ ನೋಡುವುದಿಲ್ಲ. ಖಂಡಿತಾನಾ ಅಂತ ಕೇಳುವುದಿಲ್ಲ.

ಹಿಂದಿನ ವಾರ ಗೆಳೆಯನೊಬ್ಬನಿಗೆ ಇದೇ ತರಹ ಪೆನ್‌ಡ್ರೈವ್ ಮಾಡಿಕೊಟ್ಟಿದ್ದೆ. ಆ ಕಮಾಂಡ್ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಉಳಿದಿತ್ತು. ಕೀಬೋರ್ಡಿನ ಮೇಲ್ಬಾಣ ಒತ್ತಿದೆ. ಒತ್ತುತ್ತಾ ಹೋದಂತೆ ಹಳೇ ಕಮಾಂಡ್ ಬಂತು. ಐಎಸ್‌ಒ ಹೆಸರು ಮಾತ್ರ ಬದಲಿಸಿದೆ. ಎಂಟರ್ ಹೊಡೆದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ.

ನನ್ನ ತಪ್ಪು ಆ ಮೇಲ್ಬಾಣದಲ್ಲಿದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಲಿನಕ್ಸ್ ಸಾಮಾನ್ಯವಾಗಿ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್‌ಗಳನ್ನು ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಅಂತ ಕರೆಯುತ್ತದೆ. ಇವು ಡಿಸ್ಕಿನ ಹೆಸರಲ್ಲ, ಸರದಿಯ ಗುರುತು. ಮೊದಲು ಕಣ್ಣಿಗೆ ಬಿದ್ದದ್ದು ಎ, ಆಮೇಲೆ ಸಿಕ್ಕಿದ್ದು ಬಿ. ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ. ನಿನ್ನೆ ಎರಡನೇ ಸೀಟಿನಲ್ಲಿ ಕೂತವರೇ ಇವತ್ತೂ ಅಲ್ಲಿ ಕೂತಿರಬೇಕು ಅಂತೇನಿಲ್ಲ. ಹಿಂದಿನ ವಾರ ಲ್ಯಾಪ್‌ಟಾಪಿನ ಒಳಗಿನ ಡಿಸ್ಕ್ ಎ, ಪೆನ್‌ಡ್ರೈವ್ ಬಿ. ಆ ರಾತ್ರಿ ತಂಗಿಗೆ ಫೈಲ್ ತೆಗೆದುಕೊಡಲು ಸಂಜೆಯೇ ಹೊರಗಿನ ಡಿಸ್ಕ್ ಚುಚ್ಚಿದ್ದೆ, ತೆಗೆದಿರಲಿಲ್ಲ. ಹಾಗಾಗಿ ಅದು ಬಿ ಆಯಿತು. ಪೆನ್‌ಡ್ರೈವ್ ಸಿ. ನನ್ನ ಹಳೇ ಕಮಾಂಡಿನಲ್ಲಿ ಬಿ ಅಂತಲೇ ಇತ್ತು.

ಒಂದು ಸುಳಿವೂ ಸಿಕ್ಕಿತ್ತು. ಯಾವಾಗಲೂ ಎರಡು ಮೂರು ನಿಮಿಷ ಹಿಡಿಯುವ ಕೆಲಸ ಹತ್ತೇ ಸೆಕೆಂಡಿನಲ್ಲಿ ಮುಗಿಯಿತು. ಪೆನ್‌ಡ್ರೈವ್‌ನ ಕೆಂಪು ದೀಪ ಸುಮ್ಮನೆ ಉರಿಯುತ್ತಿತ್ತು. ಪಕ್ಕದಲ್ಲಿ ಹಾರ್ಡ್ ಡಿಸ್ಕಿನ ನೀಲಿ ದೀಪ ಪಟಪಟ ಹೊಡೆದುಕೊಳ್ಳುತ್ತಿತ್ತು. ಎರಡೂ ಕಣ್ಣೆದುರೇ ಇದ್ದವು. ಪರವಾಗಿಲ್ಲ, ಬೇಗ ಆಯಿತು ಅಂತ ಖುಷಿಯಾಯಿತು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ಅದರಲ್ಲಿ ಮೊದಲಿದ್ದ ಹಳೇ ಐಎಸ್‌ಒನೇ ಪರದೆಯಲ್ಲಿ ಬಂತು. ಆಗ ಹೊಟ್ಟೆಯೊಳಗೆ ತಣ್ಣಗಾಯಿತು.

ಬರೆದದ್ದು ಒಂದು ಜಿಬಿಗೂ ಕಡಿಮೆ, ಡಿಸ್ಕ್ ಒಂದು ಟಿಬಿ. ಉಳಿದದ್ದೆಲ್ಲ ಹಾಗೇ ಇರಬೇಕಲ್ವಾ? ಇತ್ತು. ಆದರೆ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ತೆರೆಯಲಿ ಅಂತ ನಾನು ಡಿಸ್ಕನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿದ್ದೆ. ಅದರಲ್ಲಿ ಯಾವುದು ಎಲ್ಲಿದೆ ಅನ್ನುವ ಮುಖ್ಯ ಪಟ್ಟಿ ಡಿಸ್ಕಿನ ಶುರುವಿನಲ್ಲೇ ಇರುತ್ತದೆ. ಅಳಿದದ್ದು ಅದೇ ಜಾಗ. ಲೈಬ್ರರಿಯಲ್ಲಿ ಪುಸ್ತಕಗಳೆಲ್ಲ ಇವೆ, ಆದರೆ ಕ್ಯಾಟಲಾಗ್ ಸುಟ್ಟುಹೋಗಿದೆ, ಪುಸ್ತಕಗಳ ರಟ್ಟೂ ಕಿತ್ತುಹೋಗಿದೆ ಅಂದುಕೊಳ್ಳಿ.

ಕಳೆದುಹೋದ ಫೈಲ್ ಹುಡುಕಿಕೊಡಲು ಟೆಸ್ಟ್‌ಡಿಸ್ಕ್, ಫೋಟೋರೆಕ್ ಅಂತ ಎರಡು ಸಾಫ್ಟ್‌ವೇರ್ ಇವೆ, ಎರಡೂ ಪುಕ್ಕಟೆ. ಟೆಸ್ಟ್‌ಡಿಸ್ಕ್‌ನಿಂದ ನನಗೆ ಏನೂ ಸಿಗಲಿಲ್ಲ. ಫೋಟೋರೆಕ್ ಇಡೀ ಡಿಸ್ಕನ್ನು ಜಾಲಾಡುತ್ತದೆ. ಸಿಕ್ಕಿದ್ದನ್ನು ಇನ್ನೊಂದು ಡಿಸ್ಕ್‌ಗೆ ಇಳಿಸಬೇಕು, ಅದನ್ನು ಗೆಳೆಯನ ಹತ್ತಿರ ಕೇಳಿ ತಂದೆ. ರಾತ್ರಿಯಿಡೀ ಓಡಿಸಿದೆ. ಫೈಲ್ ಹೆಸರು ನೋಡಿ ಅದು ಹುಡುಕುವುದಿಲ್ಲ, ಫೈಲಿನ ಮೊದಲ ಕೆಲವು ಬೈಟ್ ನೋಡಿ ಹುಡುಕುತ್ತದೆ. ಜೆಪೆಗ್ ಫೋಟೋಗೆ ಒಂದು ನಿಗದಿಯಾದ ಶುರು ಇದೆ, ಪಿಡಿಎಫ್‌ಗೆ ಒಂದಿದೆ. ವರ್ಡ್‌ನ ಡಾಕ್ಸ್ ಫೈಲ್ ಒಳಗೆ ನಿಜವಾಗಿ ಒಂದು ಜಿಪ್ ಫೈಲ್, ಅದು ಪಿಕೆ ಅನ್ನುವ ಎರಡು ಅಕ್ಷರದಿಂದ ಶುರುವಾಗುತ್ತದೆ. (ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಇನಿಶಿಯಲ್ ಅದು.) ಬರೀ ಟೆಕ್ಸ್ಟ್ ಫೈಲಿಗೆ ಇಂಥ ಗುರುತು ಇರುವುದಿಲ್ಲ. ಹಾಗಾಗಿ ನನ್ನ ನೋಟ್ಸ್, ಕೋಡ್ ಹೆಚ್ಚು ಕಡಿಮೆ ಹೋದವು. ಸಿಕ್ಕ ತುಂಡುಗಳಲ್ಲಿ ತಲೆ ಒಂದರದು, ಬಾಲ ಇನ್ನೊಂದರದು. ಫೋಟೋಗಳು ಬಂದವು, ಹೆಸರಿನ ಜಾಗದಲ್ಲಿ ಎಫ್ ಅಕ್ಷರ, ಅದರ ಮುಂದೆ ಉದ್ದದ ಒಂದು ಸಂಖ್ಯೆ. ತೆಗೆದ ದಿನಾಂಕ ಫೋಟೋದ ಒಳಗೇ ಇರುವುದರಿಂದ ಅವನ್ನು ಹೇಗೋ ಜೋಡಿಸಿದೆ.

ತಂಗಿಯ ರಿಪೋರ್ಟಿನ ಮೂರು ಪ್ರತಿ ಸಿಕ್ಕವು. ಎರಡು ತೀರಾ ಹಳೆಯವು. ಮೂರನೆಯದು ಹೊಸದು, ಅದು ಡಿಸ್ಕಿನಲ್ಲಿ ಎರಡು ಕಡೆ ಚೂರಾಗಿ ಕೂತಿತ್ತು ಅಂತ ಕಾಣುತ್ತದೆ, ತೆರೆಯಲೇ ಇಲ್ಲ. ಅವಳು ನಾಲ್ಕು ರಾತ್ರಿ ಕೂತು ಮೂರು ಅಧ್ಯಾಯ ಮತ್ತೆ ಟೈಪ್ ಮಾಡಿದಳು. ನಾನು ಪಕ್ಕದಲ್ಲಿ ಕೂತು ಟೇಬಲ್, ಚಿತ್ರ ಹಾಕಿಕೊಟ್ಟೆ. ಬೈಯಲಿಲ್ಲ. ಎರಡನೇ ರಾತ್ರಿ ಮಾತ್ರ ಕೇಳಿದಳು, "ಅಣ್ಣಾ, ಮೊದಲಿದ್ದದ್ದಕ್ಕೆ ಏನಾಗಿತ್ತು?" ಉಬುಂಟುಗೆ ಏನೂ ಆಗಿರಲಿಲ್ಲ. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಯಾವ ಡಿಸ್ಟ್ರೋ ಅನ್ನುವುದು ನಿಮ್ಮ ಮುಂದಿರುವ ಪ್ರಶ್ನೆಯೇ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಉಬುಂಟು, ಮಿಂಟ್, ಫೆಡೊರಾ, ಆರ್ಚ್ ಎಲ್ಲದರ ಒಳಗಿರುವುದು ಒಂದೇ ಕರ್ನಲ್ (ಯಂತ್ರವನ್ನು ನಡೆಸುವ ಒಳಗಿನ ತಿರುಳು), ವರ್ಷನ್ ಮಾತ್ರ ಹಿಂದೆ ಮುಂದೆ. ಫೈರ್‌ಫಾಕ್ಸ್ ಅದೇ, ವರ್ಡ್, ಎಕ್ಸೆಲ್ ಬದಲು ಬಳಸುವ ಲಿಬ್ರೆಆಫೀಸ್ ಅದೇ, ವಿಎಲ್‌ಸಿ ಅದೇ. ದಿನಬಳಕೆಗೆ ದೊಡ್ಡ ವ್ಯತ್ಯಾಸ ಅಂದರೆ ಅಪ್‌ಡೇಟ್ ಹೇಗೆ ಬರುತ್ತದೆ ಅನ್ನುವುದು. ಆರ್ಚ್‌ನಲ್ಲಿ ಹೊಸದು ಬಂದ ಹಾಗೆ ಬರುತ್ತಲೇ ಇರುತ್ತದೆ, ನೀವು ಗಮನ ಇಟ್ಟಿರಬೇಕು. ಮಿಂಟ್ ನಿಂತಿರುವುದು ಎರಡು ವರ್ಷಕ್ಕೊಮ್ಮೆ ಬರುವ ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ಮೇಲೆ, ಅದಕ್ಕೆ ಐದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ನೀವು ಕೆಲಸ ಮಾಡುವ ಕಂಪ್ಯೂಟರಿಗೆ ಎರಡನೆಯದೇ ಸರಿ.

ನಗುವವರ ಬಗ್ಗೆ ಒಂದು ಮಾತು. ಲಿನಕ್ಸ್ ಲೋಕದಲ್ಲಿ ಜಗಳ ಹೊಸದಲ್ಲ. 1992ರಲ್ಲೇ ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್ ಅವರು ಲಿನಕ್ಸ್ ಹಳಸಿದ್ದು ಅಂತ ಬರೆದು ಲಿನಕ್ಸ್ ಕರ್ನಲ್ ಬರೆದ ಲಿನಸ್ ಟೊರ್ವಾಲ್ಡ್ಸ್ ಜೊತೆ ಜೋರು ವಾದ ಮಾಡಿದ್ದರು. ಆದರೆ ಆ ವಾದದಲ್ಲಿ ಹುರುಳಿತ್ತು. ಕರ್ನಲ್ ಒಂದೇ ಗಟ್ಟಿಯಾಗಿರಬೇಕೋ ಸಣ್ಣ ಸಣ್ಣ ಭಾಗಗಳಾಗಿ ಒಡೆದಿರಬೇಕೋ ಅನ್ನುವುದು ಪ್ರಶ್ನೆ. ಅದನ್ನು ಈಗ ಓದಿದರೂ ಕಲಿಯುವುದು ಜಾಸ್ತಿ ಇದೆ. "ಇನ್ನೂ ಉಬುಂಟುನಾ" ಅನ್ನುವುದರಿಂದ ಯಾರು ಏನು ಕಲಿಯುತ್ತಾರೆ? ಟೊರ್ವಾಲ್ಡ್ಸ್ ಅವರೇ ತಾವು ಫೆಡೊರಾ ಬಳಸುವುದಾಗಿ ಹೇಳಿದ್ದಾರೆ. ಕರ್ನಲ್ ಬರೆದವರಿಗೇ ಇನ್‌ಸ್ಟಾಲ್ ಸುಲಭವಾಗಿ ಮುಗಿದರೆ ಸಾಕು. ಇನ್ನು ಆರ್ಚ್ ಹಾಕುವುದೇ ಒಂದು ಸಾಧನೆ ಅನ್ನುವವರಿಗೆ, 2021ರಿಂದ ಆರ್ಚ್‌ನ ಐಎಸ್‌ಒ ಒಳಗೇ ಆರ್ಚ್‌ಇನ್‌ಸ್ಟಾಲ್ ಅನ್ನುವ ಇನ್‌ಸ್ಟಾಲರ್ ಇದೆ. ಅದು ಕೇಳಿದ್ದಕ್ಕೆ ಉತ್ತರ ಕೊಡುತ್ತಾ ಹೋದರೆ ಮುಗಿಯಿತು.

ವಿಂಡೋಸ್ ಯಾಕೆ ಬಿಡಬೇಕು ಅಂತ ನೀವು ಬರೆದಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ, ನಿಮ್ಮ ಕಂಪ್ಯೂಟರಿನಲ್ಲಿ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಇಲ್ಲದೆ ವಿಂಡೋಸ್ 11 ಹಾಕಲು ಆಗುತ್ತಿಲ್ಲ ಅಂತಾದರೆ ಅದು ನಿಜವಾದ ಕಾರಣ. ಮಿಂಟ್ ಹಾಕಿ. ನಗುತ್ತಾರೆ ಅನ್ನುವುದೊಂದೇ ಕಾರಣವಾದರೆ ಬಿಡಬೇಡಿ. ವಿಂಡೋಸ್‌ನಲ್ಲೇ ಇದ್ದುಕೊಂಡು ಮೊದಲು ಸಾಫ್ಟ್‌ವೇರ್ ಬದಲಿಸಿ. ಲಿಬ್ರೆಆಫೀಸ್, ಫೋಟೋ ತಿದ್ದುವ ಜಿಂಪ್, ಫೈರ್‌ಫಾಕ್ಸ್ ಎಲ್ಲವೂ ಅಲ್ಲೂ ಓಡುತ್ತವೆ. ಎರಡು ತಿಂಗಳು ಅವುಗಳಲ್ಲೇ ನಿಮ್ಮ ಕೆಲಸ ನಡೆದರೆ, ಆಮೇಲೆ ಅಡಿಯಲ್ಲಿರುವ ಓಎಸ್ ಬದಲಾದರೂ ನಿಮಗೆ ಅಷ್ಟು ಗೊತ್ತಾಗುವುದಿಲ್ಲ.

ಪೆನ್‌ಡ್ರೈವ್ ಮಾಡಲು ಡಿಡಿ ಬೇಡವೇ ಬೇಡ, ಡಿಸ್ಕಿನ ಹೆಸರು, ಸೈಜ್ ತೋರಿಸಿ ಕೇಳುವ ಸಾಫ್ಟ್‌ವೇರ್ ಬೇಕಾದಷ್ಟಿವೆ. ಮುಂದೆ ಯಾವತ್ತಾದರೂ ಡಿಡಿ ಬಳಸಲೇಬೇಕಾದರೆ ಅದೇ ನಿಮಿಷದಲ್ಲಿ ಎಲ್‌ಎಸ್‌ಬಿಎಲ್‌ಕೆ (ಚುಚ್ಚಿರುವ ಡಿಸ್ಕ್‌ಗಳ ಪಟ್ಟಿ ತೋರಿಸುವ ಕಮಾಂಡ್) ಹೊಡೆದು ಡಿಸ್ಕಿನ ಸೈಜ್ ಓದಿ, ಕಮಾಂಡನ್ನು ಕೈಯಾರೆ ಟೈಪ್ ಮಾಡಿ. ಬೇರೆ ಡಿಸ್ಕ್ ಏನಾದರೂ ಚುಚ್ಚಿದ್ದರೆ ಮೊದಲು ಎಳೆದು ಪಕ್ಕಕ್ಕಿಡಿ.

ಇವತ್ತೇ ಮಾಡಬೇಕಾದ್ದು ಇಷ್ಟು: ನಿಮ್ಮ ಫೈಲ್‌ಗಳನ್ನು ಎರಡು ಬೇರೆ ಬೇರೆ ಕಡೆ ಕಾಪಿ ಮಾಡಿ. ಎರಡರಲ್ಲೂ ನಾಲ್ಕಾರು ಫೈಲ್ ತೆರೆದು ನೋಡಿ. ಮನೆಯವರ ಫೈಲ್ ನಿಮ್ಮಲ್ಲಿದ್ದರೆ ಅವರಿಗೂ ಒಂದು ಪ್ರತಿ ಕೊಡಿ. ಮಿಂಟ್ ಇನ್‌ಸ್ಟಾಲರ್‌ನಲ್ಲಿ ಡಿಸ್ಕ್ ಅಳಿಸಬೇಕಾ ಅಂತ ಕೇಳುವ ಪರದೆ ಬಂದಾಗ ಮುಂದಕ್ಕೆ ಒತ್ತದೆ ನಿಲ್ಲಿಸಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದು ಇಲ್ಲೇ ಕೆಳಗೆ ಹಾಕಿ. ನಾನು ನೋಡಿ ಹೇಳುತ್ತೇನೆ.